ವೈಟ್ ಹಿಲ್ಸ್, ಆಗಸ್ಟ್ 2014: ಕೈತಪ್ಪಿದ ಉಜಿ

ಅರಿಝೋನಾದ ಮೊಹಾವಿ ಕೌಂಟಿಯಲ್ಲಿ, ಹೂವರ್ ಅಣೆಕಟ್ಟು ದಾಟಿ ಕಿಂಗ್‌ಮನ್ ಕಡೆಗೆ ಹೋಗುವ 93ನೇ ಹೆದ್ದಾರಿಯ ಮಗ್ಗುಲಿಗೆ ವೈಟ್ ಹಿಲ್ಸ್ ಇದೆ. ಲಾಸ್ ವೇಗಸ್‌ನಿಂದ ಸುಮಾರು 100 ಕಿಲೋಮೀಟರ್. ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೊರಟವರು ದಾರಿಯಲ್ಲಿ ಇಳಿದು, ದುಡ್ಡು ಕೊಟ್ಟು ಮಷೀನ್‌ಗನ್ ಹಾರಿಸಿ ಮುಂದೆ ಹೋಗುವಂಥ ಬಯಲು ರೇಂಜ್ ಅಲ್ಲಿತ್ತು. 2014ರ ಆಗಸ್ಟ್ 25, ಸೋಮವಾರ ಬೆಳಿಗ್ಗೆ ಅಲ್ಲಿ ನಡೆದ ಸಾವನ್ನು ‘ಮಗುವಿನ ಕೈಗೆ ಮಷೀನ್‌ಗನ್ ಕೊಟ್ಟರು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದವರೇ ಹೆಚ್ಚು. ಆ ಸಾಲು ಸುಳ್ಳಲ್ಲ. ಆದರೆ ಅದೇ ತಪ್ಪಿನ ಸರಣಿ ದೊಡ್ಡವರ ಕೈಯಲ್ಲೂ ನಡೆಯಬಲ್ಲದು ಎಂಬುದನ್ನು ಅದು ಮರೆಸುತ್ತದೆ.

ನಡೆದದ್ದು

ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ಕುಟುಂಬದ 9 ವರ್ಷದ ಹುಡುಗಿ. ಕೈಯಲ್ಲಿ ಉಜಿ ಎಂಬ 9 ಮಿಲಿಮೀಟರ್ ಗುಂಡಿನ ಚಿಕ್ಕ ಮಷೀನ್‌ಗನ್. ಅವಳ ಎಡಕ್ಕೆ, ಹತ್ತಿರದಲ್ಲೇ, 39 ವರ್ಷದ ತರಬೇತುದಾರರು. ಮನೆಯವರು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಶೆರಿಫ್ ಕಚೇರಿ ಹೊರಬಿಟ್ಟ ತುಣುಕಿನಲ್ಲಿ ಕಾಣುವುದು ಇಷ್ಟು: ತರಬೇತುದಾರರು ಅವಳ ನಿಲುವು ಸರಿಪಡಿಸುತ್ತಾರೆ, ಅವಳು ಒಂಟಿಗುಂಡಿನ ಸ್ಥಾನದಲ್ಲಿ ಒಂದೇ ಒಂದು ಗುಂಡು ಹಾರಿಸುತ್ತಾಳೆ, ಅವರು ಹಾರಿಸುವ ಬಗೆ ಬದಲಿಸುವ ಸೆಲೆಕ್ಟರನ್ನು, ಟ್ರಿಗರ್ ಒತ್ತಿರುವಷ್ಟೂ ಗುಂಡು ಹಾರುವ ಆಟೋಮ್ಯಾಟಿಕ್‌ಗೆ ತಳ್ಳುತ್ತಾರೆ, ಅವಳು ಮತ್ತೆ ಟ್ರಿಗರ್ ಒತ್ತುತ್ತಾಳೆ, ಬಂದೂಕಿನ ಮೂತಿ ಮೇಲಕ್ಕೂ ಎಡಕ್ಕೂ ಏಳುತ್ತದೆ. ತುಣುಕು ಅಲ್ಲಿಗೆ ನಿಲ್ಲುತ್ತದೆ. ಒಂದು ಗುಂಡು ತರಬೇತುದಾರರ ತಲೆಗೆ ತಗುಲಿತು. ಹೆಲಿಕಾಪ್ಟರಿನಲ್ಲಿ ಲಾಸ್ ವೇಗಸ್ ಆಸ್ಪತ್ರೆಗೆ ಸಾಗಿಸಿದರೂ ಅದೇ ದಿನ ತೀರಿಕೊಂಡರು.

ಬಂದೂಕು ತನಗೆ ತೀರಾ ಹೆಚ್ಚಾಯಿತು, ಭುಜ ನೋಯಿತು ಎಂದು ಹುಡುಗಿ ಕೂಡಲೇ ಹೇಳಿದ್ದು ಪೊಲೀಸ್ ವರದಿಯಲ್ಲಿದೆ. ಮನೆಯವರ ಗಮನವೆಲ್ಲ ಅವಳಿಗೆ ಪೆಟ್ಟಾಯಿತೇ ಎಂಬುದರ ಮೇಲಿತ್ತು. ಗುಂಡು ಇನ್ನೊಬ್ಬರಿಗೆ ತಗುಲಿದ್ದು ಮೊದಲಿಗೆ ಅವರಿಗೆ ತಿಳಿಯಲೇ ಇಲ್ಲ. ಶೆರಿಫ್ ಕಚೇರಿ ಇದನ್ನು ಕೆಲಸದ ಜಾಗದ ಅಪಘಾತವೆಂದು ಪರಿಗಣಿಸಿತು. 8 ವರ್ಷ ತುಂಬಿದವರು ಹೆತ್ತವರ ಜೊತೆಯಲ್ಲಿ ಹಾರಿಸಬಹುದು ಎಂಬುದು ಆ ರೇಂಜಿನ ನಿಯಮವಾಗಿತ್ತು. ಅಂದರೆ ನಿಯಮ ಮುರಿದದ್ದರಿಂದ ಆದ ಸಾವಲ್ಲ ಇದು.

ಬಂದೂಕು ಎಂಥದು

ಉಜಿಯನ್ನು ರೂಪಿಸಿದವರು ಇಸ್ರೇಲಿನ ಸೇನಾಧಿಕಾರಿ ಉಜಿಯೆಲ್ ಗಾಲ್. 1950ರ ದಶಕದಲ್ಲಿ ಅದು ಸೈನಿಕರ ಕೈಸೇರಿತು. ಪೂರ್ಣ ಅಳತೆಯ ಮಾದರಿ ಖಾಲಿಯಿದ್ದಾಗ 3.5 ಕಿಲೋ, 32 ತೋಟಾಗಳ ಮ್ಯಾಗಜೀನ್ ಸೇರಿದರೆ ಹತ್ತಿರಹತ್ತಿರ 4 ಕಿಲೋ. ಮ್ಯಾಗಜೀನ್ ಹಿಡಿಕೆಯೊಳಗೇ ಕೂರುತ್ತದೆ. ಹಿಡಿಕೆಯ ಹಿಂಬದಿಯಲ್ಲಿ ಅಂಗೈ ಒತ್ತಿದರೆ ಮಾತ್ರ ಬಿಡುಗಡೆಯಾಗುವ ಸೇಫ್ಟಿ ಇದೆ. ಎಡಗಡೆ ಮೂರು ಸ್ಥಾನಗಳ ಸೆಲೆಕ್ಟರ್: ಮುಂದೆ ಆಟೋಮ್ಯಾಟಿಕ್, ನಡುವೆ ಒಂಟಿಗುಂಡು, ಹಿಂದೆ ಸೇಫ್. ಪೂರ್ಣ ಅಳತೆಯದು ನಿಮಿಷಕ್ಕೆ ಸುಮಾರು 600 ಗುಂಡಿನ ವೇಗದಲ್ಲಿ ಹಾರಿಸುತ್ತದೆ. ಮಿನಿ ಉಜಿ ಸುಮಾರು 950, ಮೈಕ್ರೋ 1200ಕ್ಕೂ ಮೇಲೆ. ಬಂದೂಕು ಚಿಕ್ಕದಾದಷ್ಟೂ ಅದರೊಳಗೆ ಹಿಂದೆಮುಂದೆ ಓಡಾಡಿ ಗುಂಡು ಹಾರಿಸುವ ಲೋಹದ ತುಂಡು, ಅಂದರೆ ಬೋಲ್ಟ್, ಹಗುರ, ಅದು ಓಡಾಡುವ ದಾರಿಯೂ ಮೊಟಕು. ಅದಕ್ಕೇ ವೇಗ ಹೆಚ್ಚು. ಕೌಂಟರಿನಲ್ಲಿ ನಿಂತವರು ‘ಚಿಕ್ಕವರಿಗೆ ಚಿಕ್ಕದು’ ಎಂದು ಆರಿಸುವುದು ಈ ಕಾರಣಕ್ಕೇ ತಲೆಕೆಳಗಾದ ಲೆಕ್ಕ.

ಮೂಲ ವಿನ್ಯಾಸ ತೆರೆದ ಬೋಲ್ಟಿನದು. ಟ್ರಿಗರ್ ಒತ್ತಿದಾಗ ಹಿಂದೆ ಕಾದು ನಿಂತಿದ್ದ ಭಾರದ ಬೋಲ್ಟ್ ಮುಂದಕ್ಕೆ ನುಗ್ಗಿ, ತೋಟಾವನ್ನು ತಳ್ಳಿಕೊಂಡು ಹೋಗಿ ಹೊಡೆಯುತ್ತದೆ. ಹಾಗಾಗಿ ಗುಂಡು ಹಾರುವ ಮೊದಲೇ ಕೈಯಲ್ಲಿ ಒಂದು ಮುನ್ನುಗ್ಗು, ಆಮೇಲೆ ಹಿಂದೊದೆತ. ಹೊಸಬರ ಕೈ ಈ ಮುನ್ನುಗ್ಗಿಗೇ ಬೆಚ್ಚಿ ಸಡಿಲವಾಗುತ್ತದೆ. ಭುಜಕ್ಕೆ ಆನಿಸಿಕೊಳ್ಳುವ ಹಿಂಭಾಗವಾದ ಮಡಚುವ ಲೋಹದ ಸ್ಟಾಕ್ ನಳಿಗೆಯ ರೇಖೆಗಿಂತ ಕೆಳಗೆ ಭುಜಕ್ಕೆ ತಾಗುವುದರಿಂದ ಒದೆತ ನೇರ ಹಿಂದಕ್ಕೆ ಹೋಗದೆ ಮೂತಿಯನ್ನು ಎತ್ತುತ್ತದೆ.

ಒದೆತದ ಲೆಕ್ಕ

9 ಮಿಲಿಮೀಟರಿನ ಸಾಧಾರಣ ಗುಂಡು ಏಳೂವರೆ ಗ್ರಾಂ. ಉಜಿಯ ನಳಿಗೆಯಿಂದ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಮದ್ದಿನ ಅನಿಲವನ್ನೂ ಸೇರಿಸಿದರೆ ಒಂದು ಗುಂಡಿನ ಒದೆತ ಸುಮಾರು 3.2 ನ್ಯೂಟನ್-ಸೆಕೆಂಡ್. ಇದು ದೊಡ್ಡದಲ್ಲ. ಕೊಡಗಿನ ಕಡೆ 12 ಬೋರಿನ ಕೋವಿ ಹಾರಿಸಿ ಗೊತ್ತಿರುವವರಿಗೆ ಇದು ಏನೇನೂ ಅನ್ನಿಸದು. ಆ ಕೋವಿಯ ಒಂದು ಒದೆತ ಇದರ ನಾಲ್ಕು ಪಟ್ಟು ಮೀರುತ್ತದೆ. ಆದರೆ ಕೋವಿ ಒಮ್ಮೆ ಒದ್ದು ಸುಮ್ಮನಾಗುತ್ತದೆ. ಭುಜ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಲು, ಕಾಲು ಸರಿಮಾಡಿಕೊಳ್ಳಲು ಬಿಡುವಿರುತ್ತದೆ. ಮಷೀನ್‌ಗನ್ನಿನಲ್ಲಿ ಆ ಬಿಡುವಿಲ್ಲ.

ನಿಮಿಷಕ್ಕೆ 600 ಎಂದರೆ ಸೆಕೆಂಡಿಗೆ 10 ಒದೆತ. ಸರಾಸರಿ ತೆಗೆದರೆ 32 ನ್ಯೂಟನ್. ಮೂರೂಕಾಲು ಕಿಲೋ ಭಾರದಷ್ಟು ತಳ್ಳು ಒಂದೇ ಸಮನೆ ಭುಜದ ಮೇಲೆ. 950ರ ವೇಗದಲ್ಲಿ ಇದೇ 5 ಕಿಲೋ, 1200ರಲ್ಲಿ ಆರೂವರೆ. ಇದನ್ನು ತಡೆಯುವುದು ತೋಳಿನ ಬಲವಲ್ಲ, ಮೈಭಾರ. 70 ಕಿಲೋದ, ಭುಜ 1.4 ಮೀಟರ್ ಎತ್ತರದಲ್ಲಿರುವ ವ್ಯಕ್ತಿ 32 ನ್ಯೂಟನ್ ತಳ್ಳನ್ನು ಸರಿದೂಗಿಸಲು ತನ್ನ ಮೈಭಾರದ ಕೇಂದ್ರವನ್ನು ಆರೇಳು ಸೆಂಟಿಮೀಟರ್ ಮುಂದಕ್ಕೆ ತಂದರೆ ಸಾಕು. 30 ಕಿಲೋದ, ಭುಜ 1.1 ಮೀಟರ್ ಎತ್ತರದಲ್ಲಿರುವ ಮಗು 12 ಸೆಂಟಿಮೀಟರ್ ತರಬೇಕು. ಮಿನಿ ಉಜಿಯಾದರೆ 19. ಹೆಚ್ಚುಕಡಿಮೆ ಆ ವಯಸ್ಸಿನ ಮಗುವಿನ ಪಾದದ ಉದ್ದ.

ಮಗು ಮಾಡುವುದು ಇದಕ್ಕೆ ತದ್ವಿರುದ್ಧ. 4 ಕಿಲೋದ ಬಂದೂಕನ್ನು ಚಾಚಿ ಹಿಡಿಯಲು ಸೊಂಟ ಮುಂದೆ ಮಾಡಿ ಎದೆಯನ್ನು ಹಿಂದಕ್ಕೆ ಬಾಗಿಸುತ್ತದೆ. ಭಾರ ಹಿಮ್ಮಡಿಗೆ ಬೀಳುತ್ತದೆ. ವಯಸ್ಕ ಸೈನಿಕನ ಅಳತೆಗೆ ಮಾಡಿದ ಸ್ಟಾಕ್ ಉದ್ದವಾಗಿ, ಮೊಣಕೈಗಳು ಸೆಟೆದು ನಿಲ್ಲುತ್ತವೆ. ಮೊದಲ ಗುಂಡು ಹಾರುವ ಮುಂಚೆಯೇ ಕಾದಾಟ ಅರ್ಧ ಸೋತಾಗಿರುತ್ತದೆ. ಹಿಮ್ಮಡಿಯ ಮೇಲೆ ನಿಂತ 60 ಕಿಲೋದ ದೊಡ್ಡವರದೂ ಇದೇ ಗತಿ, ತುಸು ತಡವಾಗಿ ಅಷ್ಟೆ.

ಒಂಟಿ ಗುಂಡು ಯಾವುದರ ಪರೀಕ್ಷೆ?

ಪ್ರಕರಣದ ತಿರುಳು ಇಲ್ಲಿದೆ. ಒಂದು ಗುಂಡು ಸರಿಯಾಗಿ ಹಾರಿತು, ಆದ್ದರಿಂದ ಈಗ ಆಟೋಮ್ಯಾಟಿಕ್ ಕೊಡಬಹುದು ಎಂಬ ತೀರ್ಮಾನ ಮೇಲ್ನೋಟಕ್ಕೆ ಜಾಗರೂಕತೆಯಂತೆಯೇ ಕಾಣುತ್ತದೆ. ಆದರೆ ಒಂಟಿ ಗುಂಡು ತೋರಿಸುವುದು ಗುರಿ, ಸದ್ದಿನ ಹೆದರಿಕೆ, ಟ್ರಿಗರ್ ಒತ್ತುವ ರೀತಿ, ಇಷ್ಟನ್ನೇ. ಎರಡನೆಯ ಒದೆತ ಬರುವಾಗ ಮೈ ಎಲ್ಲಿರುತ್ತದೆ, ಬೆರಳು ಬಿಡುತ್ತದೆಯೋ ಇಲ್ಲವೋ ಎಂಬ ಎರಡು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಆಟೋಮ್ಯಾಟಿಕ್‌ನಲ್ಲಿ ಬೇಕಾದ ಉತ್ತರ ಅವೆರಡೇ.

ಬೆರಳಿನ ವಿಷಯವಂತೂ ಹಲವರಿಗೆ ನಂಬಿಕೆಯೇ ಬರುವುದಿಲ್ಲ. ‘ಕೈತಪ್ಪಿದರೆ ಟ್ರಿಗರ್ ಬಿಟ್ಟರಾಯಿತಲ್ಲ’ ಎನ್ನುತ್ತಾರೆ. ಏನೋ ಎಡವಟ್ಟಾಗಿದೆ ಎಂದು ತಿಳಿದು ಬೆರಳು ಸಡಿಲಾಗಲು ಚುರುಕಾದವರಿಗೂ ಸೆಕೆಂಡಿನ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಬೇಕು. ಅಷ್ಟರಲ್ಲಿ 600ರ ಬಂದೂಕು ಇನ್ನೆರಡು ಗುಂಡು ಹಾರಿಸಿರುತ್ತದೆ, 1200ರದ್ದು ನಾಲ್ಕೈದು. ಅದೂ ಬೆರಳು ಸಡಿಲಾದರೆ. ಬೆಚ್ಚಿದಾಗ, ಆಯ ತಪ್ಪಿದಾಗ ಮನುಷ್ಯರ ಮುಷ್ಟಿ ಬಿಗಿಯುತ್ತದೆ. ಬೀಳುವವರು ಸಿಕ್ಕಿದ್ದನ್ನು ಹಿಡಿಯುವ ಹುಟ್ಟುಗುಣ ಅದು. ಬಿಗಿದ ಮುಷ್ಟಿಯೊಳಗೆ ಟ್ರಿಗರ್ ಬೆರಳೂ ಸೇರಿರುತ್ತದೆ. ಹಿಡಿಕೆಯ ಸೇಫ್ಟಿ ಇಲ್ಲಿ ಕೆಲಸಕ್ಕೆ ಬಾರದು, ಬಿಗಿದ ಅಂಗೈ ಅದನ್ನೂ ಒತ್ತಿಹಿಡಿದಿರುತ್ತದೆ. ಬಂದೂಕು ನಿಲ್ಲುವುದು ಮ್ಯಾಗಜೀನ್ ಖಾಲಿಯಾದಾಗ, ಇಲ್ಲವೇ ಕೈಯಿಂದ ಜಾರಿದಾಗ.

ಹಾಗಾಗಿ ನಿಲ್ಲಿಸುವ ಉಪಾಯ ಹಾರಿಸುವವರ ಕೈಯಲ್ಲಿರಬಾರದು. ಮ್ಯಾಗಜೀನಿಗೆ ಎಷ್ಟು ತೋಟಾ ತುಂಬಿದ್ದೇವೆ ಎಂಬುದೊಂದೇ ನಂಬಬಹುದಾದ ಲಗಾಮು.

ನಿಂತ ಜಾಗ

ಬಲಗೈಯವರು ಸ್ಟಾಕನ್ನು ಭುಜದ ಗುಳಿಗೆ ಒತ್ತಿ ಹಾರಿಸಿದಾಗ ಒದೆತ ಬಲಭುಜವನ್ನು ಹಿಂದೂಡಿ ಮೈಯನ್ನು ಬಲಕ್ಕೆ ತಿರುಗಿಸುತ್ತದೆ. ಮೂತಿ ಮೇಲೆ-ಬಲಕ್ಕೆ ಹೋಗುವುದು ವಾಡಿಕೆ. ಇದನ್ನೇ ನಂಬಿ ಎಡಗಡೆ ನಿಂತರೆ ಕ್ಷೇಮ, ಸೆಲೆಕ್ಟರೂ ಆ ಬದಿಗೇ ಇದೆ ಎಂದುಕೊಳ್ಳುವವರಿದ್ದಾರೆ. ಸ್ಟಾಕ್ ಭುಜದಿಂದ ಜಾರಿದ ಕ್ಷಣ ಆ ವಾಡಿಕೆ ಮುಗಿಯಿತು. ಆಮೇಲೆ ಬಂದೂಕು ಭುಜದ ಸುತ್ತ ತಿರುಗುವುದಿಲ್ಲ, ಹಿಡಿಕೆಯ ಸುತ್ತ ತಿರುಗುತ್ತದೆ. ಬಂದೂಕಿನ ಮುಂಭಾಗ ಹಿಡಿದ ಕೈ, ಅಂದರೆ ಮುಂಗೈ, ಎತ್ತ ಎಳೆದರೆ ಅತ್ತ. ವೈಟ್ ಹಿಲ್ಸ್‌ನಲ್ಲಿ ಮೂತಿ ಹೋದದ್ದು ಎಡಕ್ಕೇ.

ಆಟೋಮ್ಯಾಟಿಕ್ ಕಲಿಸುವವರು ನಿಲ್ಲಬೇಕಾದದ್ದು ಮೂತಿಯ ಪಕ್ಕದಲ್ಲಲ್ಲ. ಹಾರಿಸುವವರ ಹಿಂದೆ, ತುಸು ಬಲಕ್ಕೆ, ಮೈಗೆ ಮೈ ತಾಗುವಷ್ಟು ಹತ್ತಿರ. ಒಂದು ಅಂಗೈ ಅವರ ಬೆನ್ನಿನ ಮೇಲ್ಭಾಗಕ್ಕೆ ಆಸರೆಯಾಗಿರಬೇಕು, ಇನ್ನೊಂದು ಅವರ ಮುಂಗೈಯನ್ನು ಕೆಳಕ್ಕೆ ಒತ್ತಲು ಸಿದ್ಧವಿರಬೇಕು. ಬೆನ್ನಿನ ಮೇಲಿನ ಕೈಗೆ ಇನ್ನೊಂದು ಉಪಯೋಗವುಂಟು: ಮೈ ಹಿಂದಕ್ಕೆ ವಾಲುವುದು ಕಣ್ಣಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ. ಪಕ್ಕದಲ್ಲಿ ನಿಂತವರಿಗೆ ಈ ಸುಳಿವು ಸಿಗದು. ಫೋನ್ ಹಿಡಿದ ಮನೆಯವರೂ ಹಿಂದಿನ ಗೆರೆಯಾಚೆಗೇ ಇರಬೇಕು. ಚೆನ್ನಾದ ಫೋಟೋ ಬರುವ ಕೋನ ಮುಂದೆ-ಪಕ್ಕದಲ್ಲಿರುತ್ತದೆ ಎಂಬುದೇ ರೇಂಜುಗಳ ದೊಡ್ಡ ಪೀಡೆ.

ಆರು ವರ್ಷದ ಹಿಂದಿನ ಎಚ್ಚರಿಕೆ

2008ರ ಅಕ್ಟೋಬರ್ 26ರಂದು ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫೀಲ್ಡ್‌ನ ಒಂದು ಕ್ಲಬ್ಬಿನಲ್ಲಿ ಮಷೀನ್‌ಗನ್ ಮೇಳ ನಡೆದಿತ್ತು. ಅಲ್ಲಿ 8 ವರ್ಷದ ಬಾಲಕನ ಕೈಯಲ್ಲಿದ್ದ ಮೈಕ್ರೋ ಉಜಿ ಹಿಂದಕ್ಕೆ ಮಗುಚಿ ಗುಂಡು ಅವನ ತಲೆಗೇ ತಗುಲಿತು. ಮೇಳದ ಸಂಘಟಕರ ಮೇಲಿನ ಮೊಕದ್ದಮೆ 2011ರಲ್ಲಿ ಖುಲಾಸೆಯಲ್ಲಿ ಮುಗಿಯಿತು. ಎರಡೂ ಪ್ರಕರಣಗಳಲ್ಲಿ ಬಂದೂಕು ಕೆಟ್ಟಿರಲಿಲ್ಲ. ಅದನ್ನು ಯಾವುದಕ್ಕೆ ಮಾಡಿದ್ದರೋ ಅದನ್ನೇ ಮಾಡಿತು.

ಇಂಥ ರೇಂಜುಗಳು ಏಕಿವೆ, ಯಾರು ಹೋಗಬಹುದು

ಅಮೆರಿಕದಲ್ಲಿ 1934ರಿಂದ ಮಷೀನ್‌ಗನ್‌ಗಳಿಗೆ ನೋಂದಣಿಯೂ 200 ಡಾಲರ್ ತೆರಿಗೆಯೂ ಇವೆ. 1986ರ ಮೇ 19ರ ನಂತರ ತಯಾರಾದವನ್ನು ಸಾಮಾನ್ಯ ನಾಗರಿಕರು ಕೊಳ್ಳುವಂತಿಲ್ಲ. ಹಳೆಯ ನೋಂದಾಯಿತ ಬಂದೂಕುಗಳ ಬೆಲೆ ಸಾವಿರಗಟ್ಟಲೆ ಡಾಲರಿಗೆ ಏರಿ ಕೂತಿದೆ. ಕೊಳ್ಳಲಾಗದ್ದನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ಬಾಡಿಗೆಗೆ ಕೊಡುವ ವ್ಯಾಪಾರ ಲಾಸ್ ವೇಗಸ್ ಸುತ್ತ ಬೆಳೆದದ್ದು ಹೀಗೆ. ಗಿರಾಕಿಗಳಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಬಂದೂಕು ಮುಟ್ಟದ ಪ್ರವಾಸಿಗರು ಎಂಬುದು ಅಪಾಯದ ಒಂದು ಭಾಗವೇ.

ನಮ್ಮ ಕಡೆಯಿಂದ ಹೋಗುವವರು ಗಮನಿಸಬೇಕಾದದ್ದೊಂದಿದೆ. ಬಿ-2 ಪ್ರವಾಸಿ, ಎಫ್-1 ವಿದ್ಯಾರ್ಥಿ, ಎಚ್-1ಬಿ ನೌಕರ ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಬಾಡಿಗೆ ಬಂದೂಕನ್ನು ಕೈಯಲ್ಲಿ ಹಿಡಿಯುವುದಕ್ಕೂ ಇದು ತಗುಲುತ್ತದೆ. ಇದಕ್ಕಿರುವ ವಿನಾಯಿತಿಗಳಲ್ಲಿ ಮುಖ್ಯವಾದದ್ದು ಅಲ್ಲಿನ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಕೌಂಟರಿನಲ್ಲಿ ಯಾರೂ ಕೇಳಲಿಲ್ಲ ಎಂಬುದು ಅನುಮತಿಯಾಗದು. ಸಹಿ ಹಾಕುವ ಕಾಗದದಲ್ಲಿ ಹೊಣೆ ನಿಮ್ಮದೇ ಎಂದು ಬರೆದಿರುತ್ತದೆ. ನೆನಪಿಗೆಂದು ಒಂದು ತೋಟಾ ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತುವುದಂತೂ ಬೇಡವೇ ಬೇಡ. ಭಾರತದಲ್ಲಿ ಟ್ರಿಗರ್ ಒತ್ತಿರುವಷ್ಟೂ ಹಾರುತ್ತಲೇ ಇರುವ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ನಿಷೇಧಿತ ಶಸ್ತ್ರ. 2019ರ ತಿದ್ದುಪಡಿಯ ನಂತರ ಅದನ್ನು ಅಕ್ರಮವಾಗಿ ಇಟ್ಟುಕೊಂಡರೆ 7ರಿಂದ 14 ವರ್ಷ ಸೆರೆ. ಇಲ್ಲಿ ಬಾಡಿಗೆ ರೇಂಜಿನ ಮಾತೇ ಇಲ್ಲ.

ಮೊದಲ ಸಲ ಹಾರಿಸುವ ಸರಿಯಾದ ಕ್ರಮ

ಖಾಲಿ ಬಂದೂಕಿನಿಂದ ಆರಂಭ. ಬೋಲ್ಟ್, ಮ್ಯಾಗಜೀನ್, ತೋಟಾ ಕೂರುವ ಚೇಂಬರ್ ಎಲ್ಲವನ್ನೂ ಇಬ್ಬರೂ ನೋಡಿಕೊಂಡ ಮೇಲೆ ಭುಜಕ್ಕೆ ಇಟ್ಟು ಅರ್ಧ ನಿಮಿಷ ಗುರಿ ಹಿಡಿಯಲಿ. ಆ ಅರ್ಧ ನಿಮಿಷದಲ್ಲಿ ಎದೆ ಹಿಂದಕ್ಕೆ ವಾಲಿದರೆ ಆ ಬಂದೂಕು ಅವರಿಗೆ ಭಾರ, ಅಲ್ಲಿಗೇ ಬಿಡಬೇಕು. ವಾಲದಿದ್ದರೆ ನಿಲುವು ಹೀಗೆ: ಬಲಗೈಯವರಾದರೆ ಎಡಗಾಲು ಒಂದು ಹೆಜ್ಜೆ ಮುಂದೆ, ಮಂಡಿ ತುಸು ಮಡಚಿ, ಮೂಗು ಮುಂಗಾಲಿನ ಬೆರಳುಗಳ ನೇರಕ್ಕೆ ಬರುವಷ್ಟು ಮೈ ಮುಂದೆ. ನಿಂತು ನೋಡಿದರೆ ಇದು ಅತಿಯಾಯಿತೇನೋ ಅನ್ನಿಸಬೇಕು. ಅನ್ನಿಸದಿದ್ದರೆ ಸಾಲದು ಎಂದೇ ಅರ್ಥ. ಮೊಣಕೈಗಳು ಕೆಳಮುಖ, ಮುಂಗೈ ಬಂದೂಕನ್ನು ಹಿಂದಕ್ಕೂ ಕೆಳಕ್ಕೂ ಎಳೆಯುತ್ತಿರಬೇಕು.

ಗುರಿ 7ರಿಂದ 10 ಮೀಟರ್ ದೂರದಲ್ಲಿರಲಿ, ಹಿಂದೆ ಎತ್ತರದ ಮಣ್ಣಿನ ದಿಬ್ಬವಿರಲಿ. ಮಧ್ಯಕ್ಕಲ್ಲ, ಗುರಿಯ ಕೆಳ ಅಂಚಿಗೆ ಹಿಡಿಯಬೇಕು. ಮೊದಲು ಒಂಟಿಗುಂಡಿನಲ್ಲಿ ಕೆಲವು, ಕೈ ಸದ್ದಿಗೆ ಒಗ್ಗುವವರೆಗೆ. ಆಮೇಲೆ ಆಟೋಮ್ಯಾಟಿಕ್‌ಗೆ ಬದಲಿಸಿ, ಆದರೆ ಮ್ಯಾಗಜೀನಿನಲ್ಲಿ ಒಂದೇ ತೋಟಾ. ಮುಂದಿನದು ಎರಡು. ಎರಡನೆಯ ತೂತು ಮೊದಲಿನದಕ್ಕಿಂತ ಎಷ್ಟು ಮೇಲೆ ಬಿದ್ದಿದೆ ಎಂದು ಕಾಗದದಲ್ಲಿ ನೋಡಬೇಕು. ಒಂದು ಗೇಣು ಮೀರಿದ್ದರೆ ನಿಲುವು ಸರಿಪಡಿಸಿ ಮತ್ತೆ ಎರಡು. ಆಮೇಲೆ ಮೂರು, ಅದನ್ನೇ ಕೆಲವು ಸಲ. ನಂತರ ಐದು ತುಂಬಿ, ಎರಡೋ ಮೂರೋ ಹಾರಿಸಿ ಬೆರಳು ಬಿಡಲು ಹೇಳಬೇಕು. ಮ್ಯಾಗಜೀನಿನಲ್ಲಿ ತೋಟಾ ಉಳಿಸಿ ನಿಲ್ಲಿಸಬಲ್ಲರೇ ಎಂಬುದೇ ನಿಜವಾದ ಪರೀಕ್ಷೆ. ಪ್ರತಿ ಸಲವೂ ಐದೂ ಖಾಲಿಯಾಗುತ್ತಿದ್ದರೆ ಅವರಿಗೆ 32ರ ಮ್ಯಾಗಜೀನ್ ಕೊಡಬಾರದು, ಎಷ್ಟೇ ವಯಸ್ಸಾಗಿರಲಿ. ವೈಟ್ ಹಿಲ್ಸ್‌ನಲ್ಲಿ ಒಂದರಿಂದ ಹಾರಿದ್ದು ನೇರ ಕೊನೆಯ ಮೆಟ್ಟಿಲಿಗೆ.

ಬಂದೂಕಿನ ಆಯ್ಕೆಯೂ ಮುಖ್ಯ. ಮೊದಲಿಗೆ ಎಲ್ಲಕ್ಕಿಂತ ಕ್ಷೇಮವಾದದ್ದು ತ್ರಿಪಾದದ ಮೇಲೆ ಬಿಗಿದ ಬ್ರೌನಿಂಗ್ 1919ರಂಥ ಬೆಲ್ಟಿನ ಮಷೀನ್‌ಗನ್. ನೋಡಲು ಭಯಂಕರ, ಆದರೆ ಒದೆತವನ್ನು ನೆಲ ಹೊರುತ್ತದೆ, ಮೂತಿ ಏಳದಂತೆ ತಡೆ ಹಾಕಬಹುದು. ಕೈಯಲ್ಲಿ ಹಿಡಿಯುವವುಗಳಲ್ಲಿ ಎರಡನೇ ಮಹಾಯುದ್ಧದ ಎಂ-3 ಒಳ್ಳೆಯದು. ನಿಮಿಷಕ್ಕೆ 450ರ ಆಸುಪಾಸಿನ ನಿಧಾನಗತಿಯಲ್ಲಿ ಒಂದೊಂದು ಗುಂಡನ್ನೂ ಎಣಿಸಬಹುದು. ಥಾಂಪ್ಸನ್ ಸುಮಾರು 5 ಕಿಲೋ ಇರುವುದರಿಂದ ಬಲವಿದ್ದವರಿಗೆ ಸುಲಭ, ಇಲ್ಲದವರಿಗೆ ಹಿಂದಕ್ಕೆ ವಾಲುವ ಮೊದಲ ನೆಪ. ಎಂಪಿ-5 ನಿಮಿಷಕ್ಕೆ 800 ಹಾರಿಸಿದರೂ ಅದರ ಒದೆತ ಮೆತ್ತಗೆ. ಮ್ಯಾಕ್-10, ಮೈಕ್ರೋ ಉಜಿ, ಗ್ಲಾಕ್ 18ನಂಥವು ಹೊಸಬರಿಗೆ ಸಲ್ಲ. ಮ್ಯಾಕ್-10ರ 32 ತೋಟಾ ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ.

ಇನ್ನುಳಿದ ಎಡವಟ್ಟುಗಳು

ಗುಂಡು ಹಾರಿದ ಮೇಲೆ ಹೊರಚಿಮ್ಮುವ ತೋಟಾದ ಬಿಸಿ ಖಾಲಿ ಕವಚ ಅಂಗಿಯ ಕುತ್ತಿಗೆಯೊಳಗೆ ಬೀಳುತ್ತದೆ; ಬೆಚ್ಚಿದವರು ಬಂದೂಕು ಸಮೇತ ತಿರುಗುತ್ತಾರೆ. ಕಾಲರಿನ ಅಂಗಿ, ಮುಚ್ಚಿದ ಶೂ ಹಾಕಿಕೊಳ್ಳುವುದು ಇದಕ್ಕಾಗಿ. ಬಂದೂಕು ನಡುವೆ ನಿಂತುಹೋದಾಗ ‘ಏನಾಯ್ತು?’ ಎಂದು ಕೇಳುತ್ತ ಮೂತಿಯನ್ನೂ ತರಬೇತುದಾರರ ಕಡೆ ತಿರುಗಿಸುವುದು ಬಹಳ ಸಾಮಾನ್ಯ. ತೆರೆದ ಬೋಲ್ಟಿನ ಬಂದೂಕಿನಲ್ಲಿ ಇದು ಅತ್ಯಂತ ಕೆಟ್ಟದು, ಹಿಂದೆ ಸಿಕ್ಕಿಕೊಂಡಿರುವ ಬೋಲ್ಟ್ ಜಾರಿದರೆ ಸಾಕು, ಗುಂಡು ಹಾರುತ್ತದೆ. ಮೂತಿ ದಿಬ್ಬದ ಕಡೆಗೇ, ಮಾತು ಬಾಯಲ್ಲಿ ಮಾತ್ರ ಎಂದು ಮೊದಲೇ ಹೇಳಿರಬೇಕು. ಟ್ರಿಗರ್ ಬಿಟ್ಟ ಮೇಲೂ ಹಾರುತ್ತಲೇ ಇದ್ದರೆ ಗುರಿಯ ಮೇಲೇ ಬಿಗಿಯಾಗಿ ಹಿಡಿದು ಖಾಲಿಯಾಗಲು ಬಿಡಬೇಕು. ಎಂದಿನ ಸದ್ದಿನ ಬದಲು ಸಣ್ಣ ಪುಸ್ಸೆಂಬ ಸದ್ದು ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಮುಂದಿನದನ್ನು ಹಾರಿಸಬಾರದು. ಕಿವಿಗೆ ಪ್ಲಗ್ಗಿನ ಮೇಲೆ ಮಫ್, ಎರಡೂ. ಮುಗಿದ ಮೇಲೆ ತಣ್ಣೀರು ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಕೈಯಲ್ಲಿ ಸೀಸದ ಪುಡಿ ಇರುತ್ತದೆ.

ಆಮೇಲೆ ಬದಲಾದದ್ದು

ಘಟನೆಯ ನಂತರ ಆ ರೇಂಜ್ ಮಷೀನ್‌ಗನ್ ಹಾರಿಸಲು ಕನಿಷ್ಠ 12 ವರ್ಷ, 5 ಅಡಿ ಎತ್ತರ ಎಂಬ ನಿಯಮ ತಂದಿತು. ಎತ್ತರವನ್ನು ಸೇರಿಸಿದ್ದು ವಿವೇಕದ ಕೆಲಸ. ಸ್ಟಾಕಿನ ಉದ್ದಕ್ಕೂ ಮೈಭಾರಕ್ಕೂ ಅದು ವಯಸ್ಸಿಗಿಂತ ಹತ್ತಿರದ ಅಳತೆ. ಆದರೆ ವಯಸ್ಸು, ಎತ್ತರ ಎರಡೂ ಇರುವ, ಹಿಮ್ಮಡಿಯ ಮೇಲೆ ನಿಲ್ಲುವ ಹೊಸಬರನ್ನು ಇಂಥ ನಿಯಮ ತಡೆಯುವುದಿಲ್ಲ. ಬುಕ್ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಮೊದಲ ಆಟೋಮ್ಯಾಟಿಕ್ ಮ್ಯಾಗಜೀನಿನಲ್ಲಿ ಎಷ್ಟು ತೋಟಾ ಹಾಕುತ್ತೀರಿ? ತರಬೇತುದಾರರು ಎಲ್ಲಿ ನಿಲ್ಲುತ್ತಾರೆ? ನಿಲುವು ಸರಿಯಿಲ್ಲದಿದ್ದರೆ ದುಡ್ಡು ಕೊಟ್ಟ ಮೇಲೂ ಬೇಡ ಎನ್ನುವ ಅಧಿಕಾರ ಅವರಿಗಿದೆಯೇ? ಪ್ಯಾಕೇಜಿನಲ್ಲಿ ಪೂರ್ತಿ ಮ್ಯಾಗಜೀನೇ ಇರುವುದು, ಬಿಡಿಸಿ ಕೊಡಲಾಗದು ಎಂಬ ಉತ್ತರ ಬಂದರೆ ತ್ರಿಪಾದದ ಬಂದೂಕನ್ನು ಕೇಳಿ, ಇಲ್ಲವೇ ಒಂಟಿಗುಂಡಿನಲ್ಲೇ ಮುಗಿಸಿ ಹೊರಡಿ.